ಮತ್ತೆ ಕ್ಲಾಟ್ ಬರೆಯೋದಾ, ಇಲ್ಲೇ ಲಾ ಕಾಲೇಜು ಸೇರೋದಾ?

"ಚಿಕ್ಕಮ್ಮ, ಇನ್ನೊಂದು ಸಲ ಬರೀಲಾ?"

ಪಿಯುಸಿ ರಿಸಲ್ಟ್ ಬಂದ ವಾರ ಮಂಡ್ಯದಿಂದ ಅಕ್ಕನ ಮಗಳು ಫೋನ್ ಮಾಡಿ ಕೇಳಿದಳು. ಡಿಸೆಂಬರಿನಲ್ಲಿ ಕ್ಲಾಟ್, ಅಂದರೆ ರಾಷ್ಟ್ರೀಯ ಕಾನೂನು ವಿ.ವಿ.ಗಳ ಪ್ರವೇಶ ಪರೀಕ್ಷೆ, ಬರೆದಿದ್ದಳು. 120ಕ್ಕೆ 54.5 ಅಂಕ. ರ‍್ಯಾಂಕು ಹತ್ತು ಸಾವಿರದ ಆಚೆ. ಯಾವ ರಾಷ್ಟ್ರೀಯ ಕಾನೂನು ವಿ.ವಿ.ಯಲ್ಲೂ ಸೀಟು ಸಿಕ್ಕಿರಲಿಲ್ಲ. ಹಿಂದಿನಿಂದ ಭಾವನ ದನಿ ಕೇಳಿಸುತ್ತಿತ್ತು: "ಒಂದ್ ವರ್ಸ ಮನೇಲಿ ಕೂತ್ರೆ ಏನಾಯ್ತದೆ ಅಂತ ಕೇಳು." ಅದು ಒಪ್ಪಿಗೆಯೋ ಬೈಗುಳವೋ ನನಗೆ ಗೊತ್ತಾಗಲಿಲ್ಲ.

ನಾನು ಮೈಸೂರು ಕೋರ್ಟಿನಲ್ಲಿ ವಕೀಲಿಕೆ ಶುರು ಮಾಡಿ ಹತ್ತು ವರ್ಷ ದಾಟಿದೆ. ನಾನೂ ಒಂದು ವರ್ಷ ಡ್ರಾಪ್ ಮಾಡಿ ಎರಡು ಸಲ ಕ್ಲಾಟ್ ಬರೆದವಳೇ. ಅದು ಊರಿಗೆಲ್ಲ ಗೊತ್ತಿರೋದರಿಂದ ಪ್ರತಿ ವರ್ಷ ಮೇ ತಿಂಗಳಲ್ಲಿ ಯಾರಾದರೂ ಅಪ್ಪ ಅಮ್ಮ ಮಕ್ಕಳನ್ನು ಕರ್ಕೊಂಡು ಆಫೀಸಿಗೆ ಬರುತ್ತಾರೆ. ಕೇಳೋದು ಇದನ್ನೇ. ಅವರಿಗೆಲ್ಲ ಬಾಯಲ್ಲಿ ಹೇಳಿದ್ದನ್ನು ಈಗ ಬರೆದಿಡುತ್ತಿದ್ದೇನೆ.

ದಾರಿ ನಾಲ್ಕಿವೆ. ವರ್ಷ ಪೂರ್ತಿ ಬಿಟ್ಟು ಮತ್ತೆ ಬರೆಯೋದು. ಕ್ಲಾಟ್ ಮರೆತು ಮೈಸೂರಲ್ಲೋ ಮಂಡ್ಯದಲ್ಲೋ ಐದು ವರ್ಷದ ಕೋರ್ಸಿಗೆ ಸೇರೋದು. ಸೇರಿಕೊಂಡೇ ಡಿಸೆಂಬರಿನಲ್ಲಿ ಇನ್ನೊಂದು ಸಲ ಬರೆಯೋದು. ಈಗ ಬಿ.ಎ.ನೋ ಬಿ.ಕಾಂ.ನೋ ಮಾಡಿ, ಆಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಓದೋದು. ಜನ ಮೊದಲ ಎರಡನ್ನೇ ಎದುರುಬದುರು ಇಟ್ಟು ಜಗಳ ಆಡುತ್ತಾರೆ. ಉಳಿದೆರಡರ ಲೆಕ್ಕ ಯಾರೂ ಹಾಕೋದಿಲ್ಲ.

ಆದರೆ ದಾರಿ ಆರಿಸೋಕೆ ಮುಂಚೆ ಒಂದು ಕೆಲಸ ಇದೆ.

ಆ ಪೇಪರನ್ನು ಮತ್ತೆ ಬಿಚ್ಚಿ

"ಎಷ್ಟು ಕಮ್ಮಿ ಬಂತು" ಅನ್ನೋದಕ್ಕಿಂತ "ಎಲ್ಲೆಲ್ಲಿ ಹೋಯ್ತು" ಅನ್ನೋದು ಮುಖ್ಯ. ಪ್ರಶ್ನೆ ಪತ್ರಿಕೆಯೂ ಕೀ ಉತ್ತರವೂ ಸಿಗುತ್ತವೆ. ಒಂದು ಭಾನುವಾರ ಕೂತು ನೋಡಿದರೆ ಸಾಕು.

ಈಗಿನ ಕ್ಲಾಟ್‌ನಲ್ಲಿ 120 ಪ್ರಶ್ನೆ, 120 ನಿಮಿಷ. ಸರಿಯಾದರೆ 1 ಅಂಕ, ತಪ್ಪಾದರೆ 0.25 ಕಟ್. ನಮ್ಮ ಹುಡುಗಿ 66 ಸರಿ ಮಾಡಿದ್ದಳು, 46 ತಪ್ಪು, 8 ಖಾಲಿ. ತಪ್ಪಿಗೆ 11.5 ಹೋಗಿ 54.5 ಉಳಿದಿತ್ತು. ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದದ್ದು ಒಂದೇ ಮಾತು: "ನೆಗೆಟಿವ್ ಮಾರ್ಕ್ಸಿಂದ ಹೋಯ್ತು, ಸುಮ್ನೆ ಗೆಸ್ ಹೊಡೆದ್ಲು."

ಇದು ತಪ್ಪು ಲೆಕ್ಕ. ನಾಲ್ಕು ಆಯ್ಕೆ ಇರುವ 16 ಪ್ರಶ್ನೆಗೆ ಕಣ್ಣು ಮುಚ್ಚಿ ಉತ್ತರ ಹಾಕಿದರೂ ಸರಾಸರಿ 4 ಸರಿ ಆಗುತ್ತೆ, 12 ತಪ್ಪಾಗುತ್ತೆ. ನಾಲ್ಕು ಅಂಕ ಬಂತು, ಮೂರು ಹೋಯ್ತು. ಒಂದು ಉಳಿಯಿತು. ಗೆಸ್ ಹೊಡೆದದ್ದರಿಂದ ಯಾರೂ ಮುಳುಗೋದಿಲ್ಲ. ಅವಳು ಮುಳುಗಿದ್ದು 46 ಪ್ರಶ್ನೆಗೆ ಸರಿ ಉತ್ತರ ಹೊಳೆಯದೆ ಇದ್ದದ್ದಕ್ಕೆ. ಯಾಕೆ ಹೊಳೆಯಲಿಲ್ಲ ಅಂತ ಹುಡುಕಬೇಕು.

ಹುಡುಕೋದು ಹೀಗೆ. ಇಂಗ್ಲಿಷ್, ಲೀಗಲ್ ರೀಸನಿಂಗ್, ಲಾಜಿಕಲ್ ರೀಸನಿಂಗ್ ಮೂರರಲ್ಲಿ ತಪ್ಪಾದ ಪ್ರಶ್ನೆಗಳನ್ನು ಮಾತ್ರ ಗಡಿಯಾರ ಇಡದೆ ಮತ್ತೆ ಮಾಡಿ. ಕೀ ಉತ್ತರ ಮರೆತು ಹೋದ ಮೇಲೆ ಮಾಡಿ, ಇಲ್ಲದಿದ್ದರೆ ನಿಮಗೆ ನೀವೇ ಮೋಸ ಮಾಡಿಕೊಂಡ ಹಾಗೆ. ನಮ್ಮ ಹುಡುಗಿಗೆ ಈ ಮೂರರಲ್ಲಿ 27 ತಪ್ಪಾಗಿತ್ತು. ಮನೆಯಲ್ಲಿ ನಿಧಾನಕ್ಕೆ ಕೂತು ಮಾಡಿದಾಗ 18 ಸರಿಯಾದವು. ಅಂದರೆ ಅರ್ಥ ಆಗುತ್ತೆ, ಹೊತ್ತು ಸಾಲದು. ಕ್ಲಾಟ್ ಪ್ಯಾಸೇಜುಗಳು 450 ಪದದಷ್ಟು ಉದ್ದ ಇರುತ್ತವೆ. ಒಂದು ಪ್ಯಾಸೇಜು, ಅದರ ಕೆಳಗಿನ ನಾಲ್ಕೈದು ಪ್ರಶ್ನೆ, ಎಲ್ಲ ಸೇರಿ ಐದು ನಿಮಿಷದ ಆಸುಪಾಸಿನಲ್ಲಿ ಮುಗಿಯಬೇಕು. ಇಂಗ್ಲಿಷನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿಕೊಂಡು ಓದೋ ನಮ್ಮ ಕಡೆ ಮಕ್ಕಳು ಅಲ್ಲೇ ಎಡವೋದು. ಇದು ಓದಿ ಓದಿ ಸರಿಹೋಗೋ ಕಾಯಿಲೆ. ದಿನಾ ಎರಡು ಸಂಪಾದಕೀಯ, ವಾರಕ್ಕೆ ಒಂದು ಮಾಕ್ (ಅಣಕು ಪರೀಕ್ಷೆ), ಆರೇಳು ತಿಂಗಳು. ತಪ್ಪಾಗಿದ್ದದ್ದು ಸರಿಯಾದರೆ ಪ್ರಶ್ನೆಗೆ 1.25 ಲಾಭ. 18ರಲ್ಲಿ ಅರ್ಧ ಕೈಗೆ ಬಂದರೂ ಹನ್ನೊಂದು ಅಂಕ ಏರುತ್ತೆ.

ಗಡಿಯಾರ ಇಲ್ಲದೆಯೂ 27ರಲ್ಲಿ ಏಳೆಂಟೇ ಸರಿ ಬಂತು ಅನ್ನಿ. ಆಗ ಕಥೆ ಬೇರೆ. ಅದು ವೇಗದ ಸಮಸ್ಯೆ ಅಲ್ಲ, ಓದಿದ್ದು ತಲೆಗೆ ಹೋಗದ ಸಮಸ್ಯೆ. ಒಂದು ವರ್ಷ ಕೋಚಿಂಗಿಗೆ ಹೋದರೆ ತಾನಾಗಿ ಹೋಗುತ್ತೆ ಅಂತ ನಾನಂತೂ ಹೇಳೋದಿಲ್ಲ.

ಜಿ.ಕೆ. ವಿಷಯ ಇನ್ನೂ ವಿಚಿತ್ರ. ಅವಳು 28ರಲ್ಲಿ 9 ಸರಿ ಮಾಡಿದ್ದಳು. "ನೋಟ್ಸ್ ಎಲ್ಲ ಇದೆ, ಈ ಸಲ ಚೆನ್ನಾಗಿ ಓದ್ತೀನಿ" ಅಂದಳು. ಆ ನೋಟ್ಸ್ ಹೋದ ವರ್ಷದ ಪಂಚಾಂಗ. ಇದರಲ್ಲಿ ಕೇಳೋದು ಹೆಚ್ಚಾಗಿ ಹೊಸ ಸುದ್ದಿಯ ಸುತ್ತಲಿನದು. ಎರಡನೇ ಸಲ ಬರೆಯೋರಿಗೂ ಮೊದಲ ಸಲ ಬರೆಯೋರಿಗೂ ಇಲ್ಲಿ ಜಾಸ್ತಿ ವ್ಯತ್ಯಾಸ ಇಲ್ಲ. ಗಣಿತ 10ರಿಂದ 14 ಪ್ರಶ್ನೆ ಅಷ್ಟೇ, ಹತ್ತನೇ ಕ್ಲಾಸಿನ ಮಟ್ಟದ್ದು. ಅದಕ್ಕೆ ಎರಡು ತಿಂಗಳು ಸಾಕು, ವರ್ಷ ಬೇಡ.

ಇನ್ನೊಂದು ಮಾತು. ಅಣ್ಣನದೋ ಅಕ್ಕನದೋ ಹಳೇ ಪುಸ್ತಕ ಇದೆ ಅಂತ ಅದನ್ನೇ ನೆಚ್ಚಿಕೊಳ್ಳಬೇಡಿ. 2008ರಲ್ಲಿ ಶುರುವಾದಾಗ ಕ್ಲಾಟ್‌ನಲ್ಲಿ 200 ಪ್ರಶ್ನೆ ಇರುತ್ತಿತ್ತು. ರಾಜಧಾನಿ, ಪ್ರಶಸ್ತಿ, ಲ್ಯಾಟಿನ್ ಪದದ ಅರ್ಥ ಎಲ್ಲ ಬಾಯಿಪಾಠ ಮಾಡಿ ನಾವು ಬರೆದಿದ್ದೆವು. 2020ರಲ್ಲಿ ಪ್ಯಾಸೇಜು ಬಂತು, ಪ್ರಶ್ನೆ 150 ಆಯಿತು. 2023ರ ಡಿಸೆಂಬರಿನಿಂದ 120. ಮೇ ತಿಂಗಳಲ್ಲಿ ನಡೆಯುತ್ತಿದ್ದ ಪರೀಕ್ಷೆ ಡಿಸೆಂಬರಿಗೆ ಬಂದದ್ದು 2022ರಲ್ಲಿ. ನನ್ನ ಕಾಲದ ಪುಸ್ತಕ ಈಗ ಬೋಂಡಾ ಕಟ್ಟೋಕೆ ಆಗುತ್ತೆ.

ಅಂಕ ಬಂದರೆ ಏನು ಸಿಗುತ್ತೆ

ಹನ್ನೊಂದು ಅಂಕ ಜಾಸ್ತಿ ಬಂತು ಅಂತಲೇ ಇಟ್ಟುಕೊಳ್ಳಿ. ಅದರಿಂದ ಯಾವ ಬಾಗಿಲು ತೆರೆಯುತ್ತೆ?

ಇಲ್ಲೊಂದು ಸಂಗತಿ ನಮ್ಮವರ ಗಮನಕ್ಕೆ ಬರೋದೇ ಇಲ್ಲ. ದೇಶದಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಾನೂನು ವಿ.ವಿ.ಗಳು ಕ್ಲಾಟ್ ಮೇಲೆ ಸೀಟು ಕೊಡುತ್ತವೆ. ಅವುಗಳಲ್ಲಿ ಬಹಳಷ್ಟು ತಮ್ಮ ರಾಜ್ಯದ ಮಕ್ಕಳಿಗೆ ಅಂತ ಒಂದು ಪಾಲು ಎತ್ತಿಡುತ್ತವೆ. ಬೇರೆ ರಾಜ್ಯದ ಹುಡುಗನಿಗೆ ಅವನೂರಿನ ಹೊಸ ವಿ.ವಿ.ಯಲ್ಲಿ ಸಾಧಾರಣ ರ‍್ಯಾಂಕಿಗೂ ಸೀಟು ಸಿಗಬಹುದು. ನಮಗೆ ಕರ್ನಾಟಕದಲ್ಲಿ ಇರೋದು ಒಂದೇ, ಬೆಂಗಳೂರಿನ ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್. ಅದೋ ಇಡೀ ದೇಶದಲ್ಲೇ ಎಲ್ಲರೂ ಮೊದಲು ಬೇಡೋ ಸೀಟು. ಜನರಲ್‌ನಲ್ಲಿ ಮೊದಲ ನೂರು, ನೂರಿಪ್ಪತ್ತರ ಆಸುಪಾಸಿನಲ್ಲೇ ಮುಗಿದುಹೋಗುತ್ತೆ. ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ ಶೇ. 25ರಷ್ಟು ಮೀಸಲು ಇರೋದರಿಂದ ನಮ್ಮ ಮಕ್ಕಳಿಗೆ ಇನ್ನೂ ಸ್ವಲ್ಪ ಹಿಂದಿನ ರ‍್ಯಾಂಕಿಗೂ ಸಿಗುತ್ತೆ. ಹಾಗಂತ ಹತ್ತು ಸಾವಿರದಿಂದ ಅಲ್ಲಿಗೆ ಜಿಗಿಯೋದು ಹನ್ನೊಂದು ಅಂಕದ ಮಾತಲ್ಲ. ಅರ್ಜಿ ತುಂಬುವಾಗ ಆ ಮೀಸಲಾತಿಯ ಕಾಲಂ ಗುರುತು ಹಾಕೋದನ್ನೇ ಮರೆತವರನ್ನೂ ನೋಡಿದ್ದೇನೆ. ದಯವಿಟ್ಟು ಮರೆಯಬೇಡಿ. ವ್ಯಾಸಂಗ ಪ್ರಮಾಣಪತ್ರ ಮೊದಲೇ ಮಾಡಿಸಿಡಿ.

ಹಾಗಾಗಿ ಮತ್ತೆ ಬರೆಯೋರು ಹೋಲಿಸಬೇಕಾದ್ದು "ಲಾ ಸ್ಕೂಲಾ, ಮೈಸೂರಾ" ಅಂತ ಅಲ್ಲ. "ದೂರದ ಯಾವುದೋ ರಾಜ್ಯದ ಹೊಸ ಎನ್‌ಎಲ್‌ಯು (ರಾಷ್ಟ್ರೀಯ ಕಾನೂನು ವಿ.ವಿ.) ಆ, ಮೈಸೂರಾ" ಅಂತ. ಇದು ಅಷ್ಟು ಸುಲಭದ ಪ್ರಶ್ನೆ ಅಲ್ಲ. ಹಾಸ್ಟೆಲ್, ಊಟ ಎಲ್ಲ ಸೇರಿ ವರ್ಷಕ್ಕೆ ಮೂರು ನಾಲ್ಕು ಲಕ್ಷ ಆಗುತ್ತೆ. ಐದು ವರ್ಷಕ್ಕೆ ಹದಿನೈದು ಇಪ್ಪತ್ತು. ಬ್ಯಾಂಕ್ ಸಾಲ 7.5 ಲಕ್ಷ ದಾಟಿತು ಅಂದರೆ ಸಾಮಾನ್ಯವಾಗಿ ಆಸ್ತಿ ಭದ್ರತೆ ಕೇಳುತ್ತಾರೆ. ಕಬ್ಬಿನ ದುಡ್ಡು ಫ್ಯಾಕ್ಟರಿಯಿಂದ ಯಾವಾಗ ಬರುತ್ತೋ ಅಂತ ಕಾಯೋ ಮನೆಗೆ ಇದು ಸಣ್ಣ ಮಾತಲ್ಲ.

ಪ್ರಯೋಜನ ಇಲ್ಲ ಅಂತಲ್ಲ. ದೊಡ್ಡ ಲಾ ಫರ್ಮುಗಳು ಕ್ಯಾಂಪಸ್ಸಿಗೇ ಬಂದು ಆಯ್ದುಕೊಳ್ಳೋದು ಹೆಚ್ಚಾಗಿ ಹೆಸರಾದ ಎನ್‌ಎಲ್‌ಯುಗಳಿಂದಲೇ. ಕಂಪನಿಗಳ ವ್ಯವಹಾರ, ದೆಹಲಿಯ ಸುಪ್ರೀಂ ಕೋರ್ಟ್, ವಿದೇಶದಲ್ಲಿ ಓದು, ಇಂಥ ಆಸೆ ನಿಜವಾಗಿ ಇದ್ದರೆ ಅಲ್ಲಿ ಸಿಗೋ ಸಹವಾಸಕ್ಕೆ ಬೆಲೆ ಇದೆ. ನನ್ನ ಪ್ರಶ್ನೆ ಇಷ್ಟೇ: ಆ ಆಸೆ ಮಗುವಿನದೋ, ಪಕ್ಕದ ಮನೆಯವರ ಮುಂದೆ ಹೇಳಿಕೊಳ್ಳೋಕೆ ಬೇಕಾದ ಹೆಸರೋ?

ಇಲ್ಲೇ ಸೇರಿದರೆ

ಮೈಸೂರಿನಲ್ಲಿ ವಿದ್ಯಾವರ್ಧಕ, ಶಾರದಾ ವಿಲಾಸ, ಮಹಾಜನ, ಜೆಎಸ್‌ಎಸ್ ಕಾನೂನು ಕಾಲೇಜುಗಳಿವೆ. ಮಂಡ್ಯದಲ್ಲಿ ಪಿಇಎಸ್ ಇದೆ. ಇಂಥ ಕಾಲೇಜುಗಳು ಬರೋದು 2009ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಕರ್ನಾಟಕ ರಾಜ್ಯ ಕಾನೂನು ವಿ.ವಿ.ಯ ಕೆಳಗೆ. ಐದು ವರ್ಷದ ಕೋರ್ಸಿಗೆ ಕ್ಲಾಟ್ ಬೇಡ, ಪಿಯುಸಿ ಅಂಕ ಸಾಕು. ಜನರಲ್‌ಗೆ ಶೇ. 45, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40. ಫೀಸು ಎನ್‌ಎಲ್‌ಯುಗೆ ಹೋಲಿಸಿದರೆ ಬಹಳ ಕಮ್ಮಿ. ವಿ.ವಿ. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು.

ವಕೀಲಿಕೆ ಮಾಡೋಕೆ ಪಾಸಾಗಬೇಕಾದ ಬಾರ್ ಪರೀಕ್ಷೆ ಇದೆಯಲ್ಲ, ಎಐಬಿಇ, ಅದು ನಾಗರಭಾವಿಯವರಿಗೂ ಒಂದೇ, ಮಂಡ್ಯದವರಿಗೂ ಒಂದೇ. ಅದನ್ನೂ ಕನ್ನಡದಲ್ಲಿ ಬರೆಯೋ ಅವಕಾಶ ಇದೆ. ಸನ್ನದು ಸಿಕ್ಕ ಮೇಲೆ ಕರೀ ಕೋಟಿನಲ್ಲಿ ಭೇದ ಇಲ್ಲ. ಇಷ್ಟು ವರ್ಷದಲ್ಲಿ ಒಬ್ಬ ಕಕ್ಷಿದಾರನೂ ನನ್ನನ್ನು "ಯಾವ ಕಾಲೇಜಮ್ಮ" ಅಂತ ಕೇಳಿಲ್ಲ. ಅವರು ಕೇಳೋದು "ಇನ್ನೂ ಎಷ್ಟು ವಾಯಿದೆ ಬೀಳುತ್ತೆ ಮೇಡಂ" ಅಂತ. ಪಾಲಿನ ದಾವೆ, ಪಹಣಿಯಲ್ಲಿ ಹೆಸರು ತಪ್ಪಿದ್ದು, ಬದುವಿನ ಜಗಳ, ಚೆಕ್ ಬೌನ್ಸ್, ಜೀವನಾಂಶ. ಇಲ್ಲಿನ ಕೆಲಸ ಇದು. ಕನ್ನಡದಲ್ಲಿ ಚೊಕ್ಕವಾಗಿ ದಾವಾ ಬರೆಯೋಕೆ, ಹಳ್ಳಿಯವರ ಮಾತು ಕೇಳಿ ಅದರೊಳಗಿನ ವಿಷಯ ಹೆಕ್ಕೋಕೆ ಬರಬೇಕು. ನನಗೆ ಅದನ್ನು ಕಲಿಸಿದ್ದು ಕಾಲೇಜಲ್ಲ, ನಮ್ಮ ಸೀನಿಯರ್ ಆಫೀಸಿನ ಗುಮಾಸ್ತರು.

ಕೊರತೆಯನ್ನೂ ಹೇಳಿಬಿಡುತ್ತೇನೆ. ಎಲ್ಲ ಕಾಲೇಜಲ್ಲೂ ದಿನಾ ಪಾಠ ಒಂದೇ ತರ ನಡೆಯೋದಿಲ್ಲ. ಸಿಲಬಸ್ ಒಂದೇ ಇದ್ದರೂ ಒಳಗಿನ ಜೀವನ ಬೇರೆ ಬೇರೆ. ಸೇರೋಕೆ ಮುಂಚೆ ಅಲ್ಲಿನ ಮೂರನೇ ವರ್ಷದ ಒಬ್ಬ ವಿದ್ಯಾರ್ಥಿಯನ್ನು ಹಿಡಿದು ಟೀ ಕುಡಿಸಿ ಕೇಳಿ. ಮೂಟ್ ಕೋರ್ಟ್ (ವಿದ್ಯಾರ್ಥಿಗಳ ಅಣಕು ನ್ಯಾಯಾಲಯ) ನಿಜಕ್ಕೂ ನಡೆಯುತ್ತಾ? ಲೈಬ್ರರಿ ಎಷ್ಟು ಹೊತ್ತು ತೆರೆದಿರುತ್ತೆ? ಸಂಜೆ ವಕೀಲರ ಆಫೀಸಿಗೆ ಹೋಗೋಕೆ ಬಿಡುವು ಸಿಗುತ್ತಾ? ಕಾಲೇಜಿನ ಬಣ್ಣದ ಪುಸ್ತಿಕೆಗಿಂತ ಆ ಟೀ ಉಪಯೋಗಕ್ಕೆ ಬರುತ್ತೆ.

"ಮಂಡ್ಯದಲ್ಲಿ ಹುಟ್ಟಿ ಇಲ್ಲೇ ಓದಿ ಏನಾಗ್ತೀವಿ" ಅನ್ನೋ ಮಕ್ಕಳಿಗೆ ನಾನು ಎಂಗಲಗುಪ್ಪೆಯ ವೆಂಕಟರಾಮಯ್ಯನವರ ಹೆಸರು ಹೇಳುತ್ತಿದ್ದೆ. ಇ.ಎಸ್. ವೆಂಕಟರಾಮಯ್ಯ, ಮಂಡ್ಯ ಜಿಲ್ಲೆಯವರು, 1989ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿ ಆದವರು. ಈಗ ಸ್ವಲ್ಪ ಎಚ್ಚರದಿಂದ ಹೇಳುತ್ತೇನೆ. ಅವರು ಓದೋ ಕಾಲಕ್ಕೆ ಕ್ಲಾಟೂ ಇರಲಿಲ್ಲ, ಎನ್‌ಎಲ್‌ಯುವೂ ಇರಲಿಲ್ಲ. ಆ ಓಟದ ಗೆರೆಯೇ ಬೇರೆ.

ಜಡ್ಜ್ ಆಗೋ ಆಸೆ ಇರೋರು ಒಂದು ಲೆಕ್ಕ ಹಾಕಿಕೊಳ್ಳಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಸಿವಿಲ್ ಜಡ್ಜ್ ಪರೀಕ್ಷೆಗೆ ಮೂರು ವರ್ಷದ ವಕೀಲಿಕೆಯನ್ನು ಮತ್ತೆ ಕಡ್ಡಾಯ ಮಾಡಿತು. ಹದಿನೆಂಟಕ್ಕೆ ಪಿಯುಸಿ, ಇಪ್ಪತ್ತಮೂರಕ್ಕೆ ಎಲ್‌ಎಲ್‌ಬಿ, ಇಪ್ಪತ್ತಾರಕ್ಕೆ ಅರ್ಜಿ. ಡ್ರಾಪ್ ಮಾಡಿದರೆ ಇಪ್ಪತ್ತೇಳು. ಹೆಣ್ಣುಮಕ್ಕಳ ಮನೆಯಲ್ಲಿ ಆ ಒಂದು ವರ್ಷದ ತೂಕ ಎಷ್ಟು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಸೇರಿಕೊಂಡೇ ಬರೆಯೋದು

ನನ್ನ ಒಲವು ಈ ಕಡೆಗೇ. ಕ್ಲಾಟ್‌ಗೆ ಇಷ್ಟೇ ಸಲ ಅನ್ನೋ ಮಿತಿ ಇಲ್ಲ, ವಯಸ್ಸಿನ ಗರಿಷ್ಠ ಮಿತಿಯೂ ಇಲ್ಲ. ಅರ್ಜಿ ಶುಲ್ಕ ಜನರಲ್‌ಗೆ 4000 ರೂಪಾಯಿ, ಪರಿಶಿಷ್ಟರಿಗೆ 3500. ಕಾಲೇಜಿಗೆ ಹೋಗುತ್ತಾ ಓದಿದರೆ ಕಾನೂನಿನ ಮಾತು ಕಿವಿಗೆ ಬಿದ್ದಿರುತ್ತೆ. ಲೀಗಲ್ ರೀಸನಿಂಗಿಗೆ ಕಾನೂನು ಗೊತ್ತಿರಲೇಬೇಕು ಅಂತಿಲ್ಲ, ಆದರೆ ಆ ಭಾಷೆ ಪರಿಚಯ ಆಗಿದ್ದರೆ ಓದೋ ವೇಗ ಏರುತ್ತೆ.

ಗುಂಡಿಗಳೂ ಇವೆ. ಲಾ ಕೋರ್ಸಿಗೆ ಶೇ. 70 ಹಾಜರಿ ಬೇಕು. ಮೊದಲ ಸೆಮಿಸ್ಟರ್ ಪರೀಕ್ಷೆ ಕ್ಲಾಟ್ ಹೊತ್ತಿಗೇ ತಲೆ ಮೇಲೆ ಬಂದು ಕೂತಿರಬಹುದು. ಎನ್‌ಎಲ್‌ಯುಗೆ ಹೋದರೆ ಎರಡನೇ ವರ್ಷಕ್ಕೆ ನೇರ ಸೇರಿಸಿಕೊಳ್ಳೋದಿಲ್ಲ, ಮತ್ತೆ ಮೊದಲಿನಿಂದಲೇ. ಅಂದರೆ ವರ್ಷ ಹೋಗೋದು ಇಲ್ಲೂ ಹೋಗುತ್ತೆ, ಆದರೆ ಸೀಟು ಸಿಕ್ಕರೆ ಮಾತ್ರ. ಸಿಗದಿದ್ದರೆ ಏನೂ ಹೋಗಿರೋದಿಲ್ಲ. ಪೂರ್ತಿ ಡ್ರಾಪ್‌ನಲ್ಲಿ ಇದು ತಿರುಗುಮುರುಗು. ಸೀಟು ಸಿಗದಿದ್ದರೂ ವರ್ಷ ಹೋಗಿರುತ್ತೆ.

ಡಿಗ್ರಿ ಮುಗಿಸಿ ಮೂರು ವರ್ಷ

ಮೂರು ವರ್ಷದ ಡಿಗ್ರಿ, ಮೂರು ವರ್ಷದ ಎಲ್‌ಎಲ್‌ಬಿ, ಒಟ್ಟು ಆರು. ಡ್ರಾಪ್ ಒಂದು, ಆಮೇಲೆ ಐದು, ಅದೂ ಆರೇ! ವರ್ಷ ಬಿಡೋಕೆ ತಯಾರಿರೋರು ಇದನ್ನು ಯಾಕೆ ನೋಡೋದಿಲ್ಲವೋ. ಕಾನೂನೇ ಓದಬೇಕಾ ಅಂತ ಇನ್ನೂ ಅನುಮಾನ ಇರೋ ಮಕ್ಕಳಿಗೆ ನಾನು ಇದನ್ನೇ ಹೇಳೋದು. ಐದು ವರ್ಷದ ಕೋರ್ಸನ್ನು ಮೂರನೇ ವರ್ಷಕ್ಕೆ ಬಿಟ್ಟರೆ ಬಿ.ಎ. ಅಂತ ಕೈಗೆ ಏನೂ ಕೊಡೋದಿಲ್ಲ. ಬಾರ್ ಕೌನ್ಸಿಲ್ ನಿಯಮವೇ ಹಾಗೆ. ಡಿಗ್ರಿ ಮುಗಿಸಿದವರ ಕೈಯಲ್ಲಿ ಡಿಗ್ರಿಯಾದರೂ ಇರುತ್ತೆ. ಜೊತೆಗೆ, 2022ರಿಂದ ನಾಗರಭಾವಿಯಲ್ಲೂ ಮೂರು ವರ್ಷದ ಎಲ್‌ಎಲ್‌ಬಿ ಇದೆ. ಅದಕ್ಕೆ ಬೇರೆಯದೇ ಪ್ರವೇಶ ಪರೀಕ್ಷೆ. ಐದು ವರ್ಷ ಇಲ್ಲೇ ಓದಿದವರಿಗೂ ಕ್ಲಾಟ್ ಪಿಜಿ ಬರೆದು ಎಲ್‌ಎಲ್‌ಎಂಗೆ (ಕಾನೂನಿನ ಸ್ನಾತಕೋತ್ತರ ಪದವಿಗೆ) ಎನ್‌ಎಲ್‌ಯು ಸೇರೋ ದಾರಿ ತೆರೆದೇ ಇದೆ.

ಪೂರ್ತಿ ಡ್ರಾಪ್ ಯಾರಿಗೆ?

ನನ್ನ ಕಥೆ ಮೊದಲು. ಮೈಸೂರಿನ ಸರಸ್ವತಿಪುರಂನಲ್ಲಿ ಪಿ.ಜಿ.ಯಲ್ಲಿ ವಾಸ, ಒಂದು ಕೋಚಿಂಗ್ ಸೆಂಟರು. ಅಲ್ಲಿ ಪಾಠ ಮಾಡುತ್ತಿದ್ದವರು ಮೂರೇ ತಿಂಗಳಿಗೆ ಬೇರೆ ಕಡೆ ಹೋದರು. ಆಮೇಲೆ ಜೆರಾಕ್ಸ್ ನೋಟ್ಸ್ ಕೊಟ್ಟು ಓದಿಕೊಳ್ಳಿ ಅಂದರು. ಕಟ್ಟಿದ ಫೀಸು ವಾಪಸ್ ಬರಲಿಲ್ಲ. ಎರಡನೇ ಸಲ ರ‍್ಯಾಂಕ್ ಸುಧಾರಿಸಿತು, ಸೀಟು ಸಿಗೋ ಅಷ್ಟಲ್ಲ. ಆ ವರ್ಷದಲ್ಲಿ ಓದಿನ ಅಭ್ಯಾಸ ಆಯಿತು ಅನ್ನೋದು ನಿಜ. ಗೆಳತಿಯರೆಲ್ಲ ಎರಡನೇ ವರ್ಷದಲ್ಲಿದ್ದಾಗ ನಾನು ಮೊದಲ ಬೆಂಚಲ್ಲಿ ಹೊಸಬಳಾಗಿ ಕೂತದ್ದೂ ನಿಜ. ಮದುವೆ ಮನೆಗಳಲ್ಲಿ "ಈಗ ಏನ್ ಮಾಡ್ತಿದ್ದೀಯ" ಅಂತ ಕೇಳಿದರೆ ಉತ್ತರ ಇರುತ್ತಿರಲಿಲ್ಲ. ಆ ವರ್ಷ ನಾನು ಹೋದ ಮದುವೆಗಳು ಎರಡೋ ಮೂರೋ.

ಆದರೂ ಕೆಲವರಿಗೆ ನಾನೇ "ಬಿಡು, ಬರಿ" ಅಂದಿದ್ದೇನೆ. ಡಿಸೆಂಬರಿನಲ್ಲಿ ಕಾಯಿಲೆ ಬಿದ್ದು ಅರ್ಧ ಪೇಪರ್ ಬಿಟ್ಟು ಬಂದವರಿಗೆ. ಕೆಲವೇ ಅಂಕದಲ್ಲಿ ಸೀಟು ತಪ್ಪಿಸಿಕೊಂಡವರಿಗೆ. ಸೈನ್ಸ್ ಓದುತ್ತಾ ತಯಾರಿಗೆ ಎರಡೇ ತಿಂಗಳು ಸಿಕ್ಕವರಿಗೆ. ಇವರಿಗೂ ಮನೆಯಲ್ಲಿ ಬೇಡದ ಮಾತಿನ ಒತ್ತಡ ಇರಬಾರದು, ದುಡ್ಡಿನ ಮುಗ್ಗಟ್ಟು ಇರಬಾರದು. ಮತ್ತೆ, ಮಾಕ್‌ಗಳ ಅಂಕ ನೋಡಿ. ಮಾಕ್‌ನಲ್ಲಿ 75 ತೆಗೆಯುತ್ತಿದ್ದ ಹುಡುಗನಿಗೆ ಪರೀಕ್ಷೆಯಲ್ಲಿ 60 ಬಂದಿದ್ದರೆ ಅದು ಆ ದಿನದ ಎಡವಟ್ಟು. ಮಾಕ್‌ನಲ್ಲೂ 55, ಪರೀಕ್ಷೆಯಲ್ಲೂ 55 ಅಂದರೆ ಪರೀಕ್ಷೆ ಸರಿಯಾಗೇ ಅಳೆದಿದೆ.

ನಮ್ಮ ಹುಡುಗಿಯದು ಎರಡನೇ ಜಾತಿ. ಮಾಕ್‌ನಲ್ಲೂ ಐವತ್ತರ ಸುತ್ತಮುತ್ತ. ಆದರೆ ಗಡಿಯಾರ ಇಲ್ಲದೆ 18 ಸರಿ ಮಾಡಿದ್ದಳಲ್ಲ, ಅದರ ಮೇಲೆ ನಂಬಿಕೆ ಇಟ್ಟು ಅವಳು ಮೈಸೂರಿನ ಕಾಲೇಜೊಂದಕ್ಕೆ ಸೇರಿದಳು. ಡಿಸೆಂಬರಿನಲ್ಲಿ ಒಂದೇ ಒಂದು ಸಲ ಬರೆಯೋದು, ಆಮೇಲೆ ಆ ಮಾತು ಎತ್ತೋದಿಲ್ಲ ಅಂತ ಒಪ್ಪಂದ. ಮಂಡ್ಯದಿಂದ ಬೆಳಿಗ್ಗೆ ರೈಲಿಗೆ ಪಾಸ್ ಮಾಡಿಸಿದ್ದಾಳೆ. ಶ್ರೀರಂಗಪಟ್ಟಣ ದಾಟೋ ಹೊತ್ತಿಗೆ ಒಂದು ಸಂಪಾದಕೀಯ ಮುಗಿದಿರಬೇಕು ಅನ್ನೋದು ಅವಳದೇ ನಿಯಮ. ಕೂರೋಕೆ ಜಾಗ ಸಿಕ್ಕರೂ ಅವಳು ರೈಲಲ್ಲಿ ನಿಂತೇ ಓದುತ್ತಾಳಂತೆ, ಕೂತರೆ ನಿದ್ದೆ ಬರುತ್ತೆ ಅಂತ.

ಅಡ್ಮಿಷನ್ ದಿನ ಭಾವನೂ ಬಂದಿದ್ದರು. ಅಂಕಪಟ್ಟಿ, ಟಿ.ಸಿ. ಮೂಲಪ್ರತಿ ಕಾಲೇಜಿನ ಕೌಂಟರಿಗೆ ಕೊಡೋಕೆ ಮುಂಚೆ ನಾನು ಅಲ್ಲಿನ ಗುಮಾಸ್ತರನ್ನು ಕೇಳಿದೆ: ಮಧ್ಯದಲ್ಲಿ ಬಿಟ್ಟರೆ ಇವು ಎಷ್ಟು ದಿನಕ್ಕೆ ವಾಪಸ್ ಸಿಗುತ್ತೆ, ಮುಂದಿನ ವರ್ಷಗಳ ಫೀಸು ಕೇಳ್ತೀರಾ, ಬರೆದು ಕೊಡ್ತೀರಾ ಅಂತ. ಅವರು ನನ್ನ ಮುಖ ನೋಡಿದರು. ಭಾವ ಮಗಳ ಕೈಗೆ ಐನೂರರ ಎಂಟು ನೋಟು ಕೊಟ್ಟು, "ತಕೋ, ಫಾರಂ ಕಟ್ಟು. ಮೊದ್ಲು ಓಗಿ ಎಲ್ಲಾದ್ಕೂ ಮೂರ್ಮೂರು ಜೆರಾಕ್ಸ್ ಮಾಡುಸ್ಕೊಂಡ್ ಬಾ" ಅಂದರು.